ಙಕಾರ ಞಕಾರಗಳ ನಾಡಿನಲ್ಲಿ

ಮಲಯ್ ಸುಲಭದ ಭಾಷೆ ಎಂದು ಎಲ್ಲರೂ ಹೇಳುತ್ತಾರೆ. ಆ ಮಾತು ಸುಳ್ಳಲ್ಲ. ಅದರಲ್ಲಿ ಲಿಂಗವಿಲ್ಲ, ಅವನಿಗೂ ಅವಳಿಗೂ ‘ದಿಯಾ’ ಎಂಬ ಒಂದೇ ಸರ್ವನಾಮ. ವಿಭಕ್ತಿಯಿಲ್ಲ. ಕ್ರಿಯಾಪದಕ್ಕೆ ಕಾಲದ ಪ್ರತ್ಯಯವಿಲ್ಲ. ನಿನ್ನೆ ಹೋದದ್ದೂ ‘ಪೆರ್ಗಿ’, ನಾಳೆ ಹೋಗುವುದೂ ‘ಪೆರ್ಗಿ’. ನಿನ್ನೆಯೋ ನಾಳೆಯೋ ಎಂದು ಪಕ್ಕದಲ್ಲಿ ಒಂದು ಮಾತು ಸೇರಿಸಿದರೆ ಸಾಕು. ಹೀಗಾಗಿ ಸಿಂಗಪುರದ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಮಲಯ್ ತರಗತಿಗೆ ಸೇರಿದವರು ಕೆಲವೇ ವಾರಗಳಲ್ಲಿ ಊಟದಂಗಡಿಯಲ್ಲಿ ಬೇಕಾದ್ದನ್ನು ಕೇಳಿ ತಿನ್ನಬಲ್ಲರು, ದಾರಿ ವಿಚಾರಿಸಬಲ್ಲರು, ಮನೆಮಂದಿಯ ಬಗ್ಗೆ ನಾಲ್ಕು ಮಾತು ಆಡಬಲ್ಲರು. ಅಷ್ಟಕ್ಕೇ ಭಾಷೆ ಬಂತೆಂದುಕೊಂಡು ಅನೇಕರು ಎದ್ದು ಹೋಗುತ್ತಾರೆ.

ಎದ್ದು ಹೋಗದೆ ಎರಡನೆಯ ವರ್ಷಕ್ಕೂ ಉಳಿದವರ ಕಣ್ಣಿಗೆ ಬೀಳುವುದೇನು ಎಂಬುದನ್ನು ಬರೆಯಬೇಕೆಂದು ನನಗೆ ಬಹಳ ದಿನಗಳಿಂದ ಆಸೆ. ನಡುಹಂತದ ಕಲಿಕೆಯನ್ನು ಯಾರೂ ಹೊಗಳುವುದಿಲ್ಲ. ಆರಂಭದ ಹುರುಪು ಅದಕ್ಕಿಲ್ಲ. ಬಲ್ಲವರ ಸರಾಗವೂ ಇನ್ನೂ ಬಂದಿರುವುದಿಲ್ಲ. ಆದರೆ ಒಂದು ಭಾಷೆ ಕೆಲಸ ಮಾಡುವುದು ಬರಿಗಣ್ಣಿಗೆ ಕಾಣುವುದು ಆ ನಡುವಿನ ಕಾಲದಲ್ಲಿ ಮಾತ್ರ ಎಂದು ನಾನು ನಂಬಿದ್ದೇನೆ. ಅದಕ್ಕೆ ಮುಂಚೆ ಕಾಣದು, ನಮ್ಮಲ್ಲಿರುವುದು ಬಾಯಿಪಾಠದ ವಾಕ್ಯಗಳಷ್ಟೇ. ಆಮೇಲೂ ಕಾಣದು, ಅಷ್ಟು ಹೊತ್ತಿಗೆ ಮನಸ್ಸು ಮಾತನ್ನು ದಾಟಿ ಅರ್ಥದ ಕಡೆಗೇ ಓಡುತ್ತಿರುತ್ತದೆ.

ಎರಡನೆಯ ವರ್ಷವೆಂದರೆ ಪ್ರತ್ಯಯಗಳ ವರ್ಷ. ಮಲಯ್‌ನಲ್ಲಿ ಇವಕ್ಕೆ ‘ಇಂಬುಹಾನ್’ ಎನ್ನುತ್ತಾರೆ. ಪಾಠವನ್ನು ಸಾಮಾನ್ಯವಾಗಿ ‘ಅಜಾರ್’ ಎಂಬ ಬೇರಿನಿಂದ ಶುರುಮಾಡುತ್ತಾರೆ. ಬೆಲಾಜಾರ್ ಅಂದರೆ ಕಲಿ, ಮೆಙಾಜಾರ್ ಅಂದರೆ ಕಲಿಸು. ಪೆಲಾಜಾರ್ ಕಲಿಯುವವರು, ಪೆಙಾಜಾರ್ ಕಲಿಸುವವರು. ಪೆಲಾಜಾರಾನ್ ಪಾಠ, ಪೆಙಾಜಾರಾನ್ ಬೋಧನೆ, ಅಜಾರಾನ್ ಉಪದೇಶ. ಮೆಂಪೆಲಾಜಾರಿ ಎಂದರೆ ಒಂದು ವಿಷಯವನ್ನು ಬಿಡದೆ ಅಭ್ಯಾಸಮಾಡುವುದು. ತೆರ್ಪೆಲಾಜಾರ್ ಎಂದರೆ ವಿದ್ಯಾವಂತ. ಇಡೀ ವಿಶ್ವವಿದ್ಯಾಲಯವೇ ಒಂದು ಬೇರಿನಿಂದ ಕವಲೊಡೆದು ಹಲಗೆಯ ಮೇಲೆ ನಿಂತಿರುತ್ತದೆ. ಮೊದಲ ವರ್ಷದಲ್ಲಿ ಕಾಲ, ಲಿಂಗ, ವಿಭಕ್ತಿ ಯಾವುದರಲ್ಲೂ ಸಿಗದ ಸೂಕ್ಷ್ಮವೆಲ್ಲ ಇಲ್ಲಿ ಬೇರಿನ ಎರಡು ಬದಿಗಳಲ್ಲಿ ಕಾದು ಕೂತಿತ್ತು.

ಈ ಪ್ರತ್ಯಯಗಳಲ್ಲಿ ‘ಮೆ’ ಎಂಬುದು ಎಲ್ಲಕ್ಕಿಂತ ಹೆಚ್ಚು ಬಳಕೆಯದು. ಬೇರಿಗೆ ಅದನ್ನು ಹಚ್ಚಿದಾಗ ನಡೆಯುವುದನ್ನು ಕನ್ನಡದ ಓದುಗರಿಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇದರ ಪೂರ್ತಿ ಸೊಗಸು ಕಾಣುವುದು ನಮ್ಮ ವರ್ಣಮಾಲೆ ಬಲ್ಲವರಿಗೆ. ‘ತುಲಿಸ್’ ಎಂದರೆ ಬರೆ. ಅದು ಮೆನುಲಿಸ್ ಆಗುತ್ತದೆ. ‘ಪುಕುಲ್’ ಎಂದರೆ ಹೊಡೆ, ಅದು ಮೆಮುಕುಲ್. ‘ಕಿರಿಮ್’ ಎಂದರೆ ಕಳಿಸು, ಅದು ಮೆಙಿರಿಮ್. ‘ಸಾಪು’ ಎಂದರೆ ಗುಡಿಸು, ಅದು ಮೆಞಾಪು. ತಕಾರ ಹೋಗಿ ನಕಾರ ಬಂತು, ಪಕಾರ ಹೋಗಿ ಮಕಾರ, ಕಕಾರ ಹೋಗಿ ಙಕಾರ. ಪ್ರತಿಯೊಂದು ಅಕ್ಷರವೂ ತಾನು ಕಣ್ಮರೆಯಾಗುವಾಗ ತನ್ನದೇ ವರ್ಗದ ಐದನೆಯ ಅಕ್ಷರವನ್ನು ತನ್ನ ಜಾಗದಲ್ಲಿ ಬಿಟ್ಟು ಹೋಗುತ್ತದೆ. ಚಕಾರ ಮಾತ್ರ ಜಾಗ ಬಿಟ್ಟುಕೊಡುವುದಿಲ್ಲ. ‘ಚಾರಿ’, ಎಂದರೆ ಹುಡುಕು, ‘ಮೆಂಚಾರಿ’ ಆಗಿ ಉಳಿದುಕೊಳ್ಳುತ್ತದೆ. ಅದರ ಬದಲು ಸಕಾರ ಮುಂದೆ ಬಂದು ಞಕಾರವಾಗುತ್ತದೆ. ಇನ್ನು ಗ, ದ, ಬ ಇದ್ದರೆ ಅವು ಅಳಿಯುವುದಿಲ್ಲ. ಅವುಗಳ ಮುಂದೆ ಆಯಾ ವರ್ಗದ ಅನುನಾಸಿಕ ಬಂದು ನಿಲ್ಲುತ್ತದೆ, ಅಷ್ಟೆ.

ಮಲಯ್ ಶಾಲೆಗಳಲ್ಲಿ ಮಕ್ಕಳು ಈ ನಿಯಮವನ್ನು ‘ಕೆಪಿಎಸ್‌ಟಿ’ ಎಂದು ನಾಲ್ಕು ರೋಮನ್ ಅಕ್ಷರಗಳಲ್ಲಿ ನೆನಪಿಟ್ಟುಕೊಳ್ಳುತ್ತಾರೆ. ಕ, ಪ, ಸ, ತ ಕರಗುತ್ತವೆ ಎಂದಷ್ಟೇ ಅದು ಹೇಳುತ್ತದೆ. ಯಾವುದು ಯಾವುದಾಗಿ ಕರಗುತ್ತದೆ, ಏಕೆ ಎಂಬುದನ್ನು ರೋಮನ್ ಲಿಪಿ ತೋರಿಸಲಾರದು. ಅಂಗನವಾಡಿಯಲ್ಲಿ ಕೈಕಟ್ಟಿ ನಿಂತು ಕ ಖ ಗ ಘ ಙ ಎಂದು ರಾಗವಾಗಿ ಹೇಳಿದ ಮಗುವಿಗೆ ಅದು ತಾನಾಗಿ ಕಾಣುತ್ತದೆ. ಸಾವಿರಾರು ವರ್ಷಗಳ ಹಿಂದೆ ನಮ್ಮ ಶಿಕ್ಷಾಶಾಸ್ತ್ರದವರು ಬಾಯೊಳಗಿನ ಜಾಗಗಳನ್ನು ಗಂಟಲಿನಿಂದ ತುಟಿಯವರೆಗೆ ಸಾಲಾಗಿ ಜೋಡಿಸಿದರಲ್ಲ, ಆ ಜೋಡಣೆ ಕಡಲಾಚೆಯ, ಅವರು ಎಂದೂ ಕೇಳದ ಒಂದು ಭಾಷೆಯ ಒಳಗುಟ್ಟನ್ನು ಇಷ್ಟು ನಿಖರವಾಗಿ ಹೇಳುತ್ತದೆ. ನಾನು ಆ ಪಾಠದ ಪುಟದ ಅಂಚಿನಲ್ಲಿ ಕನ್ನಡದ ವರ್ಗೀಯ ವ್ಯಂಜನಗಳನ್ನು ಬರೆದು ಗೆರೆ ಎಳೆದು ನೋಡಿದೆ. ಎಲ್ಲ ಗೆರೆಗಳೂ ಐದನೆಯ ಕಂಬಸಾಲಿಗೆ ಹೋಗಿ ಸೇರಿದವು.

ಐದನೆಯ ಸಾಲಿನ ಙ, ಞ ಎಂಬ ಎರಡು ಅಕ್ಷರಗಳ ಪಾಡು ಕನ್ನಡದಲ್ಲಿ ಎಂಥದು ಎಂದು ಎಲ್ಲರಿಗೂ ಗೊತ್ತು. ಅ ಅಂದರೆ ಅರಸ, ಆ ಅಂದರೆ ಆನೆ ಎಂದು ಚಿತ್ರ ಹಾಕಿದ ಅಕ್ಷರಮಾಲೆಯ ಹಾಳೆಯಲ್ಲಿ ಙ ಮತ್ತು ಞ ಚೌಕಗಳು ಚಿತ್ರವಿಲ್ಲದೆ ಉಳಿಯುತ್ತವೆ. ಆ ಧ್ವನಿಗಳು ನಮ್ಮಲ್ಲಿ ಇಲ್ಲವೆಂದಲ್ಲ. ಮಂಗನಲ್ಲೂ ಅಂಗಳದಲ್ಲೂ ಙಕಾರವಿದೆ, ಮಂಚದಲ್ಲೂ ಅಂಜಿಕೆಯಲ್ಲೂ ಞಕಾರವಿದೆ. ಆದರೆ ಅವು ಸೊನ್ನೆಯ ಹಿಂದೆ ಅಡಗಿವೆ. ನೆರೆಯ ಮಲಯಾಳದಲ್ಲಿ ‘ನಾನು’ ಎನ್ನಲು ಞಕಾರ ಬೇಕು. ಅಲ್ಲಿ ಅದಕ್ಕೆ ಒಳ್ಳೆಯ ಮರ್ಯಾದೆಯಿದೆ. ಮಲಯ್‌ನಲ್ಲಂತೂ ಎರಡೂ ಪದದ ತಲೆಯಲ್ಲೇ ಕೂರುತ್ತವೆ. ಸೊಳ್ಳೆ ಞಾಮುಕ್, ತೆಂಗು ಞಿಯುರ್, ಜೀವ ಞಾವಾ, ಹಾಡು ಞಾಞಿ. ಬಾಯಿ ಅಗಲಿಸುವುದಕ್ಕೆ ಙಾಙಾ. ಆ ಪದ ಹೇಳಲು ಬಾಯಿ ಅಗಲಿಸಲೇಬೇಕು. ಚಿಕ್ಕಂದಿನಲ್ಲಿ ಯಾವ ಕೆಲಸಕ್ಕೂ ಬಾರದೆ ಉಸಿರು ಹಿಡಿದು ಉಚ್ಚರಿಸಿದ ಅಕ್ಷರಗಳು ಇಲ್ಲಿ ದಿನಬೆಳಗಾದರೆ ಕೆಲಸಕ್ಕೆ ಹೋಗುವುದನ್ನು ನೋಡಿ ನನಗಾದ ಸಂತೋಷ ಸಣ್ಣದಲ್ಲ.

ಕ, ತ, ಪಗಳೇ ಏಕೆ ಕರಗಬೇಕು? ಕನ್ನಡದ ಆದೇಶಸಂಧಿಯಲ್ಲೂ ಮೆತ್ತಗಾಗುವುದು ಇವೇ ಮೂರು: ಉತ್ತರಪದದ ಮೊದಲಿನ ಕ, ತ, ಪ ಹೋಗಿ ಗ, ದ, ಬ ಬರುತ್ತವೆ. ಕಣ್ ಮತ್ತು ಪನಿ ಸೇರಿ ಕಂಬನಿ ಆಗುತ್ತದೆ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಗಳನ್ನು ವಿಂಗಡಿಸುವಾಗ ಮಲಯ್ ಅವನ ಕಿವಿಗೆ ಬಿದ್ದಿರಲಾರದು. ಎರಡು ಭಾಷೆಗಳಿಗೂ ಕುಲಸಂಬಂಧವೇನೂ ಇಲ್ಲ. ಇರುವ ಸಂಬಂಧ ಮನುಷ್ಯನ ಬಾಯಿಯದು. ಅನುನಾಸಿಕ ಹೊರಡುವಾಗ ಗಂಟಲಿನ ತಂತುಗಳು ಕಂಪಿಸುತ್ತಿರುತ್ತವೆ, ಉಸಿರು ಮೂಗಿನಲ್ಲಿ ಹರಿಯುತ್ತಿರುತ್ತದೆ. ಅದರ ಬೆನ್ನಿಗೇ ಪಕಾರ ಬರಬೇಕಾದರೆ ಕಂಪನ ತಟ್ಟನೆ ನಿಲ್ಲಬೇಕು, ಮೂಗಿನ ದಾರಿಯೂ ಅದೇ ಕ್ಷಣಕ್ಕೆ ಮುಚ್ಚಬೇಕು. ಇದು ತುಸು ಕಷ್ಟದ ಕೆಲಸ. ಕನ್ನಡ ಕಂಪನವನ್ನು ಮುಂದುವರಿಸಿಕೊಂಡು ಪಕಾರವನ್ನು ಬಕಾರ ಮಾಡಿತು. ಮಲಯ್ ಪಕಾರವನ್ನೇ ಬಿಟ್ಟು ಮೂಗನ್ನು ಉಳಿಸಿಕೊಂಡಿತು. ಒಂದೇ ತೊಡಕಿನ ಮುಂದೆ ನಿಂತ ಎರಡು ಜನಸಮುದಾಯಗಳು, ಒಬ್ಬರನ್ನೊಬ್ಬರು ಕೇಳದೆ, ಸಭೆ ಸೇರದೆ, ಬರೆದಿಡದೆ, ಎರಡು ಬೇರೆ ದಾರಿ ಹಿಡಿದವು. ಆ ದಾರಿಗಳಲ್ಲಿ ಇವತ್ತಿಗೂ ಮಕ್ಕಳು ತಪ್ಪದೆ ನಡೆಯುತ್ತಾರೆ.

ಈ ನಿಯಮದಿಂದಾಗಿ ನಡುಹಂತದವರಿಗೆ ಪದಕೋಶ ನೋಡುವುದು ಬಲು ಸ್ವಾರಸ್ಯದ ಕೆಲಸ. ಮಲಯ್ ಪದಕೋಶದಲ್ಲಿ ಪದಗಳಿರುವುದು ಬೇರಿನ ಕೆಳಗೆ. ಮೆಮೋತೊಙ್ ಎಂಬ ಪದ ಎದುರಾದರೆ ಅದರ ಬೇರು ‘ಮೋತೊಙ್’ ಇರಬಹುದು, ‘ಪೋತೊಙ್’ ಇರಬಹುದು, ಊಹಿಸಬೇಕು. ಅದು ಪೋತೊಙ್, ಎಂದರೆ ಕತ್ತರಿಸು. ಆದರೆ ಅಡುಗೆ ಮಾಡುವ ಮೆಮಾಸಾಕ್ ಪದಕ್ಕೆ ಬೇರು ಮಾಸಾಕ್ ಎಂದೇ. ಕೆಲವು ಸಲ ಎರಡು ಊಹೆಯೂ ಸರಿ. ‘ಮೆಙುಕುರ್’ ಎಂಬ ಪದವನ್ನು ‘ಉಕುರ್’ ಬೇರಿನಿಂದ ಬಂದದ್ದೆಂದುಕೊಂಡರೆ ಅಳೆಯುವುದು. ‘ಕುಕುರ್’ ಬೇರಿನಿಂದ ಬಂದದ್ದೆಂದುಕೊಂಡರೆ ಹೆರೆಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುವುದು. ಯಾವುದೆಂದು ತಿಳಿಯಲು ಆ ಮನೆಯಲ್ಲಿ ಆಗ ಏನು ನಡೆಯುತ್ತಿದೆ ಎಂದು ನೋಡಬೇಕು. ಅಳಿದುಹೋದ ಒಂದು ಅಕ್ಷರವನ್ನು ಮನಸ್ಸಿನಲ್ಲಿ ಮತ್ತೆ ಹುಟ್ಟಿಸಿಕೊಂಡು ಅರ್ಥ ಹುಡುಕುವ ಈ ಅಭ್ಯಾಸವನ್ನು ಮಲಯ್ ಮಾತಾಡುವ ಮನೆಯ ಮೂರು ವರ್ಷದ ಮಗು ಆಟವಾಡುತ್ತ ಮಾಡುತ್ತದೆ.

ನಮಗೆ ಕಲಿಸುವ ಟೀಚರನ್ನು ನಾವು ‘ಚಿಕ್‌ಗು’ ಎಂದು ಕರೆಯುತ್ತೇವೆ. ಮಲಯ್ ಶಾಲೆಗಳಲ್ಲಿ ಗುರುಗಳನ್ನು ಕರೆಯುವ ರೀತಿ ಅದು. ಅವರ ಮನೆಮಾತು ಮಲಯ್. ಎಣಿಕೆಯ ಪಾಠದ ದಿನ ನಾವೆಲ್ಲ ಗದ್ದಲ ಎಬ್ಬಿಸಿದೆವು. ಮಲಯ್‌ನಲ್ಲಿ ಏನನ್ನಾದರೂ ಎಣಿಸಬೇಕಾದರೆ ಸಂಖ್ಯೆಯ ಪಕ್ಕದಲ್ಲಿ ಒಂದು ಜೊತೆಪದ ಬೇಕು. ಮನುಷ್ಯರಿಗೆ ‘ಓರಾಙ್’. ಪ್ರಾಣಿಗಳಿಗೆ ‘ಏಕೋರ್’, ಅಂದರೆ ಬಾಲ. ಬೆಕ್ಕೂ ಒಂದು ಬಾಲ, ಬಾಲವೇ ಇಲ್ಲದ ಕಪ್ಪೆಯೂ ಒಂದು ಬಾಲ. ಮನೆ, ಪುಸ್ತಕ, ದೇಶಗಳಿಗೆ ‘ಬುಆಹ್’, ಅಂದರೆ ಹಣ್ಣು. ಕಾಗದಪತ್ರಕ್ಕೆ ‘ಪುಚುಕ್’, ಅಂದರೆ ಚಿಗುರು. ಒಂದು ಹಣ್ಣು ದೇಶ, ಒಂದು ಚಿಗುರು ಪತ್ರ ಎಂದು ನಾವು ಹೇಳಿ ಹೇಳಿ ಬೆರಗಾಗುತ್ತಿದ್ದರೆ ಚಿಕ್‌ಗು ಸುಮ್ಮನೆ ಕೇಳುತ್ತಿದ್ದರು. ಆಮೇಲೆ, ಬೆಕ್ಕನ್ನು ಎಣಿಸುವಾಗ ತಮಗೆ ಎಂದೂ ಬಾಲ ಕಂಡಿಲ್ಲವೆಂದೂ ಈಗ ನಮ್ಮಿಂದಾಗಿ ಕಾಣುತ್ತಿದೆಯೆಂದೂ ಹೇಳಿದರು. ಅವರ ಮುಖದಲ್ಲಿ ನಿಜವಾದ ಖುಷಿಯಿತ್ತು. ಮನೆಮಾತಿನವರಿಗೆ ಸಿಗದ ಒಂದು ಕಾಣ್ಕೆಯನ್ನು ಅರೆಬರೆ ಕಲಿತವರು ಕೊಡಬಲ್ಲರು ಎಂಬುದು ಆ ದಿನ ನನಗೆ ಖಚಿತವಾಯಿತು. ನಮಗೂ ಈ ಬಾಲಗಳು ಇನ್ನೆಷ್ಟು ದಿನ ಕಾಣುತ್ತವೋ. ಮಾತು ಸಲೀಸಾದ ಮೇಲೆ ಬೆಕ್ಕು ಬರೀ ಬೆಕ್ಕಾಗುತ್ತದೆ.

ಕನ್ನಡದವರು ಮಲಯ್ ಕಲಿಯುತ್ತಾರೆಂದರೆ ಸಂಸ್ಕೃತದ ಪದಗಳ ಬಗ್ಗೆ ಕೇಳುವವರೇ ಹೆಚ್ಚು. ಇವೆ, ಬೇಕಾದಷ್ಟಿವೆ: ಬಹಾಸಾ, ಗುರು, ಮನುಸಿಯಾ, ಬೂಮಿ, ವರ್ನಾ, ಸುಆರಾ. ಅವನ್ನು ಗುರುತಿಸುವುದು ಮೊದಲ ತಿಂಗಳ ಖುಷಿ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅವು ಹಿಡಿದಿರುವ ಕೆಲಸ. ರಂಜಾನ್ ತಿಂಗಳ ಉಪವಾಸಕ್ಕೆ ಮಲಯ್ ಮುಸ್ಲಿಮರು ಹೇಳುವುದು ‘ಪುಆಸಾ’, ಅದು ನಮ್ಮ ಉಪವಾಸವೇ. ಪಾಪಕ್ಕೆ ‘ದೋಸಾ’, ಪುಣ್ಯಕ್ಕೆ ‘ಪಹಾಲಾ’ ಎಂದರೆ ಫಲ, ಸ್ವರ್ಗಕ್ಕೆ ‘ಶುರ್ಗಾ’. ನಮಾಜಿಗೆ ಹಳೆಯ ಮಾತು ‘ಸೆಂಬಾಹ್ಯಾಙ್’. ಅದರಲ್ಲಿ ‘ಸೆಂಬಾಹ್’ ಎಂದರೆ ವಂದನೆ, ‘ಹ್ಯಾಙ್’ ಎಂಬುದು ಇಸ್ಲಾಮೂ ಸಂಸ್ಕೃತವೂ ಬರುವುದಕ್ಕೆ ಹಿಂದಿನ ದೈವವಾಚಕ. ಧರ್ಮ ಬದಲಾದಾಗ ಜನ ತಮ್ಮ ಭಕ್ತಿಯ ಹಳೆಯ ಮಾತುಗಳನ್ನು ಬಿಟ್ಟುಬಿಡಲಿಲ್ಲ. ಹೊಸ ದೇವರ ಮುಂದೆಯೂ ಅವನ್ನೇ ಹಿಡಿದು ನಿಂತರು.

ಆ ‘ಹ್ಯಾಙ್’ ಮಲಯ್‌ನ ಅತಿ ಹಳೆಯ ಶಿಲಾಶಾಸನಗಳಲ್ಲೊಂದರಲ್ಲಿ ಸಿಗುತ್ತದೆ. 1920ರಲ್ಲಿ ಸುಮಾತ್ರದ ಪಾಲೆಂಬಾಙ್ ಬಳಿಯ ಕೆದುಕಾನ್ ಬುಕಿತ್ ಎಂಬಲ್ಲಿ ದೊರೆತ ಕಲ್ಲು ಅದು. ಈಗ ಜಕಾರ್ತಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಶಕವರ್ಷ 605, ವೈಶಾಖ ಶುಕ್ಲ ಏಕಾದಶಿಯಂದು ‘ದಪುಂತ ಹಿಯಾಙ್’ ಎಂಬ ಬಿರುದಿನ ಶ್ರೀವಿಜಯದ ದೊರೆ ದೋಣಿ ಹತ್ತಿದ ಸಂಗತಿಯಿಂದ ಅದು ಆರಂಭವಾಗುತ್ತದೆ. ಕ್ರಿಸ್ತಶಕದ ಲೆಕ್ಕದಲ್ಲಿ ಅದು 683ರ ಆಸುಪಾಸು. ಆಗ ಬಾದಾಮಿಯಲ್ಲಿ ವಿನಯಾದಿತ್ಯ ಆಳುತ್ತಿದ್ದ. ಕಲ್ಲಿನ ಲಿಪಿ ಪಲ್ಲವರದು, ಅಂದರೆ ಬಾದಾಮಿಯ ಚಾಲುಕ್ಯರು ಯಾರೊಡನೆ ತಲೆಮಾರುಗಟ್ಟಲೆ ಕಾದಾಡಿದರೋ ಆ ಕಂಚಿಯವರ ಲಿಪಿ. ನಮ್ಮ ಹಳಗನ್ನಡ ಲಿಪಿಗೆ ಹತ್ತಿರದ ಒಡಹುಟ್ಟು.

ಈ ಶಾಸನದ ಪಾಠವನ್ನು ರೋಮನ್ ಲಿಪಿಯಲ್ಲಿ ಮುಂದಿಟ್ಟುಕೊಂಡರೆ ಎರಡನೆಯ ವರ್ಷದ ವಿದ್ಯಾರ್ಥಿಗೂ ಅಲ್ಲಲ್ಲಿ ಅರ್ಥವಾಗುತ್ತದೆ. ಏರು ಎಂಬುದಕ್ಕೆ ಅಲ್ಲಿ ‘ನಾಯಿಕ್’ ಎಂದಿದೆ. ಇವತ್ತು ಸಿಂಗಪುರದಲ್ಲಿ ಬಸ್ಸು ಹತ್ತುವುದಕ್ಕೂ ‘ನಾಯಿಕ್’. ಇನ್ನೂರು ಎನ್ನುವಾಗ ‘ದುಅ ರಾತುಸ್’ ಎಂದಿದೆ. ಪೇಟೆಯಲ್ಲಿ ಇವತ್ತೂ ಇನ್ನೂರಕ್ಕೆ ಅದೇ ಮಾತು. ನಡೆದು ಬಂದವರು 1,312 ಎಂದು ಹೇಳಿ, ‘ಇಷ್ಟು ಸಂಖ್ಯೆಯಲ್ಲಿ’ ಎಂಬ ಅರ್ಥಕ್ಕೆ ಶಾಸನಕಾರ ‘ವಞಕ್ಞ’ ಎಂದು ಕೊರೆದಿದ್ದಾನೆ. ಇವತ್ತಿನ ‘ಬಞಕ್ಞಾ’. ಒಂದೇ ಪದದಲ್ಲಿ ಎರಡು ಞಕಾರ! ನಮ್ಮ ಶಾಸನಗಳಲ್ಲಿ ಜಕಾರದ ಒತ್ತಕ್ಷರವಾಗಿ, ಇಲ್ಲವೆ ಪಂಚ, ಕಾಂಚಿಗಳ ನಡುವೆ ಸಿಲುಕಿ ಕಾಣಿಸುವ ಅಕ್ಷರ ಕಡಲು ದಾಟಿ ಹೋಗಿ ಅಲ್ಲಿ ತನ್ನ ಸ್ವರದೊಡನೆ ಪೂರ್ಣಾಕ್ಷರವಾಗಿ ಕಲ್ಲಿನ ಮೇಲೆ ಕೂತಿತು. ಭಾರತದಿಂದ ಲಿಪಿಯನ್ನು ಕೊಂಡೊಯ್ದವರು ಯಾರೇ ಇರಲಿ, ಆ ನಾಡಿನ ಬಾಯಿಗೆ ಬೇಕಾದ ಅಕ್ಷರ ತಮ್ಮ ಮಾಲೆಯಲ್ಲಿ ಮೊದಲೇ ಸಿದ್ಧವಾಗಿರುವುದನ್ನು ಕಂಡು ಅವರಿಗೆ ಏನನ್ನಿಸಿತೋ ಎಂದು ನಾನು ಎಷ್ಟೋ ಸಲ ಯೋಚಿಸುತ್ತೇನೆ.

ಮುಂದೆ ಇಸ್ಲಾಮಿನೊಡನೆ ಅರಬ್ಬೀ ಲಿಪಿ ಬಂತು. 14ನೇ ಶತಮಾನದ ತೆರೆಙ್ಗಾನು ಶಿಲಾಶಾಸನದಲ್ಲಿ ಮಲಯ್ ಆ ಲಿಪಿಯಲ್ಲಿದೆ. ಆ ಬರವಣಿಗೆಗೆ ‘ಜಾವಿ’ ಎಂದು ಹೆಸರು. ಅರಬ್ಬಿಯಲ್ಲಿ ಙ ಇಲ್ಲ, ಞ ಇಲ್ಲ. ಪ, ಚ, ಗಗಳೂ ಇಲ್ಲ. ಮಲಯ್ ಲಿಪಿಕಾರರು ಇದ್ದ ಅಕ್ಷರಗಳಿಗೇ ಚುಕ್ಕೆಗಳನ್ನು ಸೇರಿಸಿ ಹೊಸ ಅಕ್ಷರ ಮಾಡಿಕೊಂಡರು. ಐನ್ ಎಂಬ ಅಕ್ಷರಕ್ಕೆ ಮೂರು ಚುಕ್ಕೆ ಇಟ್ಟರೆ ಙ, ನೂನ್ ಅಕ್ಷರಕ್ಕೆ ಮೂರು ಚುಕ್ಕೆ ಇಟ್ಟರೆ ಞ. ಆಮೇಲೆ ರೋಮನ್ ಬಂತು. ಅಲ್ಲಿ ಎರಡೆರಡು ಅಕ್ಷರ ಜೋಡಿಸಿ ಅದೇ ಧ್ವನಿಗಳನ್ನು ಹಿಡಿದರು. ಸಾವಿರದ ಮುನ್ನೂರು ವರ್ಷಗಳಲ್ಲಿ ಲಿಪಿ ಎರಡು ಸಲ ಬದಲಾಯಿತು, ರಾಜ್ಯಗಳು ಬಂದು ಹೋದವು. ಸೊಳ್ಳೆ ಕಚ್ಚಿದಾಗ ಬಾಯಿಂದ ಬರುವ ಞಕಾರ ಮಾತ್ರ ಹಾಗೇ ಉಳಿಯಿತು.

ಸಿಂಗಪುರದಲ್ಲಿ ಈ ಭಾಷೆಯ ಸ್ಥಾನವೇ ವಿಶೇಷವಾದದ್ದು. ಇಂಗ್ಲಿಷ್, ಮ್ಯಾಂಡರಿನ್, ತಮಿಳು, ಮಲಯ್ ನಾಲ್ಕೂ ಅಧಿಕೃತ ಭಾಷೆಗಳು. ರಾಷ್ಟ್ರಭಾಷೆ ಮಲಯ್ ಒಂದೇ. 2020ರ ಜನಗಣತಿಯಂತೆ ಮಲಯ್ ಜನ ನಿವಾಸಿಗಳಲ್ಲಿ ಶೇಕಡಾ 13.5. ಆದರೂ ಸುಮಾತ್ರದ ಮಿನಾಙ್‌ಕಬಾವು ಮೂಲದ ಜುಬಿರ್ ಸಾಯಿದ್ 1958ರಲ್ಲಿ ರಚಿಸಿದ ರಾಷ್ಟ್ರಗೀತೆಯನ್ನು ಎಲ್ಲ ಮಕ್ಕಳೂ ಮಲಯ್‌ನಲ್ಲೇ ಹಾಡುತ್ತಾರೆ. ಕವಾಯತಿನ ಆಜ್ಞೆಗಳೂ ಮಲಯ್‌ನಲ್ಲೇ. ನನ್ನ ತರಗತಿಯಲ್ಲಿ ಹೆಚ್ಚಿನವರು ಚೀನೀ ಮನೆಗಳವರು. ಒಬ್ಬಳು ದಾದಿ, ವಾರ್ಡಿನಲ್ಲಿ ಮಲಯ್ ಬಿಟ್ಟು ಬೇರೆ ಮಾತು ಬಾರದ ಅಜ್ಜಿಯಂದಿರ ನೋವು ಕೇಳಲು ಕಲಿಯುತ್ತಿದ್ದಾಳೆ. ಈ ಕಲಿಕೆಗೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ತಿಳಿಯದು.

ಎರಡನೆಯ ವರ್ಷದಲ್ಲಿ ಊರೂ ಮಾತಾಡತೊಡಗುತ್ತದೆ. ಮೆಟ್ರೋ ನಕ್ಷೆಯಲ್ಲಿ ಬರೀ ಸದ್ದಾಗಿದ್ದ ಹೆಸರುಗಳು ಒಂದೊಂದಾಗಿ ಕಣ್ಣು ಬಿಡುತ್ತವೆ. ಬುಕಿತ್ ಎಂದರೆ ಗುಡ್ಡ, ತಾಂಜೋಙ್ ಎಂದರೆ ಭೂಶಿರ, ಪಾಸಿರ್ ಮರಳು, ಸುಙೈ ಹೊಳೆ. ತೆಲೋಕ್ ಎಂದರೆ ಕೊಲ್ಲಿ. ತೆಲೋಕ್ ಆಯೆರ್ ಬೀದಿ ಈಗ ಗಗನಚುಂಬಿ ಕಟ್ಟಡಗಳ ನಡುವೆ ಇದೆ; ಕಡಲು ಎಲ್ಲೋ ದೂರ. 19ನೇ ಶತಮಾನದ ಕೊನೆಯಲ್ಲಿ ಸಮುದ್ರಕ್ಕೆ ಮಣ್ಣು ತುಂಬುವವರೆಗೂ ಆ ಬೀದಿಯ ಅಂಚಿಗೆ ಅಲೆ ಬಡಿಯುತ್ತಿತ್ತು. ಹಡಗಿಳಿದ ಚೀನೀಯರು ಅಲ್ಲೇ ಗುಡಿ ಕಟ್ಟಿದರು, ತಮಿಳು ಮುಸ್ಲಿಮರು ನಾಗೂರು ದರ್ಗಾ ಕಟ್ಟಿದರು. ನೀರು ಹೋಗಿ ನೂರು ವರ್ಷದ ಮೇಲಾದರೂ ಬೀದಿ ತನ್ನನ್ನು ಕೊಲ್ಲಿ ಎಂದೇ ಕರೆದುಕೊಳ್ಳುತ್ತದೆ.

ಇದು ಕಡಲಿನವರ ಭಾಷೆ ಎಂಬುದನ್ನು ಮರೆತರೆ ಅದರ ಹರವು ತಿಳಿಯುವುದಿಲ್ಲ. ಮಲಯ್‌ನಲ್ಲಿ ಐದಕ್ಕೆ ‘ಲೀಮಾ’. ತೈವಾನಿನ ಆದಿವಾಸಿ ಅಮಿಸ್ ಜನರಲ್ಲೂ ಲೀಮಾ, ಹವಾಯಿಯಲ್ಲೂ ಲೀಮಾ, ನ್ಯೂಜಿಲೆಂಡಿನ ಮಾವೊರಿಯಲ್ಲಿ ರೀಮಾ. ಆಕಾಶಕ್ಕೆ ಮಲಯ್‌ನಲ್ಲಿ ಲಾಙಿತ್, ಮಾವೊರಿಯಲ್ಲಿ ರಾಙಿ. ಹಿಂದೂ ಮಹಾಸಾಗರದ ಆಚೆ ತುದಿಯ ಮಡಗಾಸ್ಕರಿನಲ್ಲಿ ಲಾನಿತ್ರ. ತೈವಾನಿನಿಂದ ಹೊರಟ ದೋಣಿಗಳು ಸಾವಿರಾರು ವರ್ಷಗಳಲ್ಲಿ ಹರಡಿದ ದಾರಿ ಇದು. ಆಫ್ರಿಕದ ಪಕ್ಕದ ದ್ವೀಪದವರ ಭಾಷೆಗೆ ಅತಿ ಹತ್ತಿರದ ನಂಟು ಬೋರ್ನಿಯೊದ ಬರಿತೊ ನದಿಯ ಬಳಿ ಇದೆ.

1521ರ ಮಾರ್ಚಿನಲ್ಲಿ ಮೆಗಲನ್ನನ ಹಡಗುಗಳು ಶಾಂತಸಾಗರ ದಾಟಿ ಫಿಲಿಪ್ಪೀನ್ಸ್ ದ್ವೀಪಗಳನ್ನು ಮುಟ್ಟಿದಾಗ, ಮಲಾಕ್ಕಾದಿಂದ ಯೂರೋಪಿಗೆ ಒಯ್ದಿದ್ದ ಎನ್ರಿಕೆ ಎಂಬ ಗುಲಾಮ ಹಡಗಿನಲ್ಲಿದ್ದ. ಎದುರು ಬಂದ ಚಿಕ್ಕ ದೋಣಿಯವರನ್ನು ಅವನು ಮಾತಾಡಿಸಿದ. ಅವರಿಗೆ ಅದು ತಿಳಿಯಿತು ಎಂದು ಜೊತೆಗಿದ್ದ ಪಿಗಾಫೆಟ್ಟಾ ಬರೆದಿಟ್ಟಿದ್ದಾನೆ. ಭೂಮಿ ದುಂಡಗಿದೆ ಎಂಬುದು ಆ ಹಡಗಿನಲ್ಲಿ ಮೊದಲು ತಿಳಿದದ್ದು ಒಬ್ಬ ಗುಲಾಮನ ಕಿವಿಗೆ. ಪಶ್ಚಿಮಕ್ಕೆ ಹೊರಟವನು ಪೂರ್ವದ ತನ್ನ ಮಾತಿನ ನೆರೆಗೆ ಬಂದು ನಿಂತಿದ್ದ. ಆಮೇಲೆ ಪಿಗಾಫೆಟ್ಟಾ ನಾನೂರಕ್ಕೂ ಹೆಚ್ಚು ಮಲಯ್ ಪದಗಳ ಪಟ್ಟಿ ಮಾಡಿದ.

ಅವನಿಗಿಂತ ನನ್ನ ಮನಸ್ಸಿಗೆ ಹತ್ತಿರದವನು ಫ್ರೆಡೆರಿಕ್ ಡೆ ಹೌಟ್‌ಮನ್ ಎಂಬ ಡಚ್ಚ. 1599ರಲ್ಲಿ ಅವನು ಸುಮಾತ್ರದ ‘ಆಚೆ’ ಎಂಬಲ್ಲಿ ಸುಲ್ತಾನನ ಸೆರೆಯಾಳಾದ. ಸೆರೆಯಲ್ಲಿ ಎರಡು ವರ್ಷ ಮಲಯ್ ಕಲಿತ. ರಾತ್ರಿ ದಕ್ಷಿಣದ ನಕ್ಷತ್ರಗಳನ್ನು ಗುರುತು ಹಾಕಿಕೊಂಡ. ಬಿಡುಗಡೆಯಾಗಿ ಊರಿಗೆ ಹೋಗಿ 1603ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ಮಲಯ್ ಸಂಭಾಷಣೆಗಳಿವೆ, ಮಲಯ್ ಮತ್ತು ಮಡಗಾಸ್ಕರ್ ಭಾಷೆಗಳ ಪದಕೋಶವಿದೆ, ಕೊನೆಯಲ್ಲಿ ಯೂರೋಪಿನವರಿಗೆ ಅಪರಿಚಿತವಾಗಿದ್ದವೂ ಸೇರಿ ಮುನ್ನೂರರಷ್ಟು ದಕ್ಷಿಣ ನಕ್ಷತ್ರಗಳ ಪಟ್ಟಿ ಇದೆ. ಒಂದೇ ರಟ್ಟಿನೊಳಗೆ ಪೇಟೆಯ ಮಾತೂ ನಕ್ಷತ್ರವೂ! ಇಂದಿನ ಗ್ರಂಥಾಲಯದಲ್ಲಿ ಈ ಪುಸ್ತಕವನ್ನು ಯಾವ ಕಪಾಟಿನಲ್ಲಿಡಬೇಕೆಂದು ತಿಳಿಯದೆ ಚಡಪಡಿಸುತ್ತಾರೆ. ಆದರೆ ಹೊಸ ಭಾಷೆಯನ್ನು ನಡುವಿನವರೆಗೆ ಕಲಿತವರಿಗೆ ಅದು ಸಹಜವಾಗಿ ಕಾಣುತ್ತದೆ. ಕಣ್ಣು ಎಚ್ಚರವಾಗಿದ್ದಾಗ ಅದು ನೆಲಕ್ಕೂ ಆಕಾಶಕ್ಕೂ ಒಂದೇ ಹಸಿವಿನಿಂದ ತಿರುಗುತ್ತದೆ.

ನಮ್ಮ ಈ ಸಲದ ಕೊನೆಯ ಪಾಠ ‘ಪಾಂತುನ್’. ನಾಲ್ಕು ಸಾಲಿನ ಪದ್ಯ. ಒಂದಕ್ಕೂ ಮೂರಕ್ಕೂ ಅಂತ್ಯಪ್ರಾಸ, ಎರಡಕ್ಕೂ ನಾಲ್ಕಕ್ಕೂ ಅಂತ್ಯಪ್ರಾಸ. ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ಕೂರುತ್ತಿತ್ತು. ಇಲ್ಲಿ ಅದು ತುದಿಯಲ್ಲಿ ಕಾಯುತ್ತದೆ. 1829ರಲ್ಲಿ ವಿಕ್ಟರ್ ಹ್ಯೂಗೊ ತನ್ನ ಕವನಸಂಗ್ರಹದ ಟಿಪ್ಪಣಿಯಲ್ಲಿ ಒಂದು ಪಾಂತುನಿನ ಅನುವಾದ ಸೇರಿಸಿದ ಮೇಲೆ ಅದು ಫ್ರೆಂಚ್ ಕವಿಗಳಿಗೂ ಹಿಡಿಸಿತು. 2020ರಲ್ಲಿ ಯುನೆಸ್ಕೊ ಮಲೇಷ್ಯಾ ಮತ್ತು ಇಂಡೊನೇಷ್ಯಾಗಳ ಜಂಟಿ ಪರಂಪರೆಯೆಂದು ಅದನ್ನು ತನ್ನ ಪಟ್ಟಿಗೆ ಸೇರಿಸಿತು. ಅದರ ವಿಚಿತ್ರವಿರುವುದು ಮೊದಲೆರಡು ಸಾಲುಗಳಲ್ಲಿ. ಅವಕ್ಕೆ ‘ಪೆಂಬಾಯಾಙ್’ ಎಂದು ಹೆಸರು, ನೆರಳು ಬೀಳಿಸುವವು ಎಂದರ್ಥ. ಅಲ್ಲಿ ಹಕ್ಕಿ, ಹೊಳೆ, ಗಿಡ, ಮೀನು ಏನೋ ಬಂದುಹೋಗುತ್ತದೆ. ಹೇಳಬೇಕಾದ ಮಾತು ಬರುವುದು ಕೊನೆಯ ಎರಡು ಸಾಲುಗಳಲ್ಲಿ, ಆ ಸದ್ದಿನ ನೆರಳಿನೊಳಗೇ ಹೆಜ್ಜೆಯಿಟ್ಟು. ಸದ್ದು ಮೊದಲು, ಅರ್ಥ ಆಮೇಲೆ. ಕೂಸು ಮಾತು ಕಲಿಯುವುದೂ ಹಾಗೆಯೇ, ನಾವು ಎರಡು ವರ್ಷಗಳಿಂದ ಇಲ್ಲಿ ಕಲಿತದ್ದೂ ಹಾಗೆಯೇ.

ಪಾಂತುನನ್ನು ಒಬ್ಬರೇ ಕೂತು ಬರೆಯುವುದಕ್ಕಿಂತ ಎದುರುಬದುರು ನಿಂತು ಕಟ್ಟುವುದು ಅಲ್ಲಿಯ ರೂಢಿ. ಮದುವೆಮನೆಗಳಲ್ಲಿ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಹೀಗೆ ಪದ್ಯಕ್ಕೆ ಪದ್ಯ ಕೊಡುತ್ತಾರೆ. ಚಿಕ್‌ಗು ತರಗತಿಯ ಮೇಜುಗಳನ್ನು ಗೋಡೆಗೆ ಸರಿಸಿ ನಮ್ಮನ್ನು ಎರಡು ಸಾಲು ಮಾಡಿ ನಿಲ್ಲಿಸಿದರು. ಪದಕೋಶ ಮುಚ್ಚಬೇಕು, ಫೋನು ಒಳಗಿಡಬೇಕು. ಆಚೆ ಸಾಲಿನಿಂದ ದಾದಿಹುಡುಗಿ ಧ್ವನಿ ಎತ್ತಿ ಞಿಯುರ್ ಎಂದು ಮೊದಲ ಸಾಲು ಮುಗಿಸಿದಳು. ಇನ್ನೊಂದು ‘ಉರ್’ ಬೇಕು. ಸಾಯುರ್ ಎಂದು ಒಬ್ಬ ಕೂಗಿದ, ತರಕಾರಿ, ತೆಲುರ್, ಮೊಟ್ಟೆ, ಬುಬುರ್, ಗಂಜಿ, ತಿದುರ್, ನಿದ್ದೆ, ಜುಜುರ್, ಪ್ರಾಮಾಣಿಕ. ತಿಮುರ್, ಪೂರ್ವ ಎಂದು ನಾನೂ ಕೂಗಿದೆ. ಎಲ್ಲರೂ ಒಟ್ಟಿಗೇ ಕೂಗುತ್ತಿದ್ದರು, ಚಿಕ್‌ಗು ಎರಡೂ ಕೈ ಎತ್ತಿ ಒಬ್ಬೊಬ್ಬರಾಗಿ, ಒಬ್ಬೊಬ್ಬರಾಗಿ ಎನ್ನುತ್ತಿದ್ದರು.